ಹನ್ನೊಂದಕ್ಕೆ ಲೋಡ್, ಆರಕ್ಕೆ ಮಂಗಳೂರು: ನಡುವೆ ನಿದ್ದೆ ಎಲ್ಲಿ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕು. ನಮ್ಮ ಮನೆಯವರು ಶಿವಮೊಗ್ಗದ ಒಂದು ಟ್ರಾನ್ಸ್‌ಪೋರ್ಟಿನಲ್ಲಿ ಹತ್ತು ಚಕ್ರದ ಲಾರಿ ಓಡಿಸುತ್ತಾರೆ. ಹೋಗುವಾಗ ಅಕ್ಕಿ, ಬರುವಾಗ ಮಂಗಳೂರಿಂದ ಗೊಬ್ಬರ. ಬೆಳಿಗ್ಗೆ ಐದಕ್ಕೆ ಎದ್ದು ಹೋದವರನ್ನು ರಾತ್ರಿ ಹನ್ನೊಂದರ ತನಕ ಮಿಲ್ಲಿನ ಅಂಗಳದಲ್ಲಿ ಕಾಯಿಸಿ, ಲೋಡ್ ಆದ ಮೇಲೆ "ಬೆಳಿಗ್ಗೆ ಆರಕ್ಕೆ ಮಂಗಳೂರಲ್ಲಿರಬೇಕು" ಅನ್ನುತ್ತಾರೆ. ದಾರಿಯುದ್ದಕ್ಕೂ ಆಫೀಸಿನಿಂದ ಗಂಟೆಗೊಂದು ಫೋನ್. ಹೋದ ತಿಂಗಳು ಹುಲಿಕಲ್ ಘಾಟಿಯಲ್ಲಿ ಕಣ್ಣು ಮುಚ್ಚಿಹೋಯಿತಂತೆ, ಎಡಗಡೆ ಚಕ್ರ ಜಲ್ಲಿಗೆ ಇಳಿದ ಸದ್ದಿಗೆ ಎಚ್ಚರವಾಯಿತಂತೆ. ಆಗಲ್ಲ ಅಂದರೆ ಲೋಡ್ ಬೇರೆಯವರ ಪಾಲಾಗುತ್ತೆ ಅಂತಾರೆ. ಇದಕ್ಕೊಂದು ದಾರಿ ಇದೆಯಾ? ನಾನು ಹೀಗೆ ಬರೆದಿದ್ದು ಗೊತ್ತಾದರೆ ಅವರಿಗೆ ಸಿಟ್ಟು ಬರುತ್ತೆ.

ಉತ್ತರ: ತಂಗಿ, ಮೊದಲು ನನ್ನ ಹಳೆಯ ಕಸುಬು ಹೇಳಿಬಿಡುತ್ತೇನೆ. ಈಗ ಚಾಲಕರಿಗೆ ತರಬೇತಿ ಕೊಡುತ್ತೇನೆ, ಅದು ಸರಿ. ಅದಕ್ಕೆ ಮುಂಚೆ ಹತ್ತೊಂಬತ್ತು ವರ್ಷ ಟ್ರಾನ್ಸ್‌ಪೋರ್ಟ್ ಆಫೀಸಿನ ಬುಕಿಂಗ್ ಟೇಬಲ್ಲಿನ ಹಿಂದೆ ಕೂತವನು ನಾನು. ನಿಮ್ಮ ಯಜಮಾನರಿಗೆ ಗಂಟೆಗೊಮ್ಮೆ ಫೋನ್ ಮಾಡುತ್ತಾನಲ್ಲ, ಆ ಮನುಷ್ಯನ ಕುರ್ಚಿ ನನಗೆ ಚೆನ್ನಾಗಿ ಗೊತ್ತು.

ನಿಮ್ಮ ಪತ್ರ ಓದಿದವರೆಲ್ಲ ಘಾಟಿಯ ಸಾಲಿಗೆ ಬಂದು ನಿಲ್ಲುತ್ತಾರೆ. ನಾನು ನಿಂತದ್ದು "ಬೆಳಿಗ್ಗೆ ಐದಕ್ಕೆ ಎದ್ದು" ಎನ್ನುವಲ್ಲಿ. ಲೆಕ್ಕ ಹಾಕಿ. ಹನ್ನೊಂದಕ್ಕೆ ಶಿವಮೊಗ್ಗ ಬಿಟ್ಟರೆ ತೀರ್ಥಹಳ್ಳಿ ದಾಟಿ, ಘಾಟಿ ಶುರುವಾಗುವ ಮುಂಚಿನ ಮಾಸ್ತಿಕಟ್ಟೆ ಮುಟ್ಟುವಾಗ ಎರಡೂವರೆ. ಲೋಡ್ ಗಾಡಿ ಘಾಟಿ ಇಳಿಯುವುದು ಮೂರರ ಹೊತ್ತಿಗೆ. ಆಗ ಅವರು ಎದ್ದು ಇಪ್ಪತ್ತೆರಡು ಗಂಟೆ ಆಗಿರುತ್ತದೆ. 1997ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಇದನ್ನೇ ಅಳೆದು ನೋಡಿದ್ದರು. ಹದಿನೇಳು ಗಂಟೆ ಎಚ್ಚರವಿದ್ದವನ ಕೈ-ಕಣ್ಣಿನ ಹೊಂದಿಕೆ, 100 ಮಿಲಿ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇದ್ದವನಷ್ಟೇ ಕೆಟ್ಟಿರುತ್ತದೆ. ಇಪ್ಪತ್ತನಾಲ್ಕು ಗಂಟೆಗೆ ಅದು 100 ಮಿಲಿಗ್ರಾಂಗೆ ಸಮ. ನಮ್ಮಲ್ಲಿ ಪೊಲೀಸರು ಬಾಯಿಗೆ ಯಂತ್ರ ಹಿಡಿದು ಕೇಸು ಹಾಕುವ ಮಿತಿ 30. ನಿಮ್ಮ ಯಜಮಾನರು ಒಂದು ತೊಟ್ಟೂ ಮುಟ್ಟದವರಿರಬಹುದು. ಮೂರು ಗಂಟೆ ರಾತ್ರಿಗೆ ಹುಲಿಕಲ್ಲಿನ ತಿರುವಿಗೆ ಅದರಿಂದ ವ್ಯತ್ಯಾಸವೇನೂ ಆಗುವುದಿಲ್ಲ. ಸಾಲದ್ದಕ್ಕೆ ರಾತ್ರಿ ಎರಡರಿಂದ ಬೆಳಗಿನ ಆರರವರೆಗೆ ಮೈಯೇ ನಿದ್ದೆಗೆ ಎಳೆಯುವ ಹೊತ್ತು. ಹಗಲು ಮಲಗಿ ಎದ್ದವನಿಗೂ ಆಗ ಕಣ್ಣು ಭಾರ.

ನಲವತ್ತರ ವೇಗದಲ್ಲಿ ಮೂರು ಸೆಕೆಂಡ್ ಜೊಂಪು ಹತ್ತಿದರೆ ಲಾರಿ 33 ಮೀಟರ್ ತಾನೇ ಹೋಗಿರುತ್ತದೆ. ಅಂದರೆ ಮೂರು ಲಾರಿ ಸಾಲಾಗಿ ನಿಲ್ಲಿಸಿದಷ್ಟು ಉದ್ದ. ಜಲ್ಲಿಯ ಸದ್ದು ಕೇಳಿಸಿದ್ದು ದೊಡ್ಡ ಪುಣ್ಯ.

ಇನ್ನೊಂದು ಮಾತು. ದಣಿದವನ ಅಪಾಯ ಕಣ್ಣು ಮುಚ್ಚುವುದರಲ್ಲಿ ಮಾತ್ರ ಇರುವುದಿಲ್ಲ. ಹತ್ತುವ ಗೇರಿನಲ್ಲೇ ಇಳಿಯಬೇಕು ಎಂಬುದು ಎಲ್ಲ ಚಾಲಕರಿಗೂ ಬಾಯಿಪಾಠ. ನಿದ್ದೆಗೆಟ್ಟವನು ಗೇರ್ ಇಳಿಸುವುದನ್ನು ಮುಂದೂಡುತ್ತಾನೆ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯುತ್ತಾನೆ. ನಾಲ್ಕನೇ ತಿರುವಿಗೆ ಬ್ರೇಕ್ ಲೈನರ್ ಸುಟ್ಟ ವಾಸನೆ ಬರುತ್ತದೆ, ಆರನೆಯದಕ್ಕೆ ಬ್ರೇಕ್ ಹಿಡಿಯುವುದಿಲ್ಲ. ಆಮೇಲೆ ಊರವರು "ಬ್ರೇಕ್ ಫೇಲ್ ಆಯ್ತಂತೆ" ಅನ್ನುತ್ತಾರೆ. ಹೊರಡುವಾಗ ಲಾರಿಯ ಬ್ರೇಕ್ ನೆಟ್ಟಗೇ ಇರುತ್ತದೆ.

ನನ್ನದೇ ಒಂದು ತಪ್ಪು ಇಲ್ಲಿ ಹೇಳಬೇಕು. ನಾನಿದ್ದ ಆಫೀಸಿನಲ್ಲಿ ಉದ್ದದ ರಿಜಿಸ್ಟರ್ ಇತ್ತು. ಗಾಡಿ ನಂಬರ್, ಚಾಲಕ, ಪಾರ್ಟಿ (ಅಂದರೆ ಸರಕಿನ ಗಿರಾಕಿ), ಲೋಡ್, ಹೊರಟ ಸಮಯ, ಮುಟ್ಟಬೇಕಾದ ಸಮಯ, ಅಡ್ವಾನ್ಸ್. ಒಂದು ಮಳೆಗಾಲದ ರಾತ್ರಿ ಹನ್ನೆರಡಕ್ಕೆ ಒಬ್ಬ ಹುಡುಗನಿಗೆ ಚೀಟಿ ಕೊಟ್ಟು ಕಳಿಸಿದೆ. ಹೊರಟ ಸಮಯದ ಕಾಲಂನಲ್ಲಿ 12.05 ಎಂದು ಬರೆದೆ. ಪುಸ್ತಕದ ಪ್ರಕಾರ ಅವನ ಕೆಲಸ ಶುರುವಾದದ್ದು ಆಗ. ಅವನು ಹಿಂದಿನ ಬೆಳಿಗ್ಗೆ ನಾಲ್ಕಕ್ಕೆ ಎದ್ದು, ಗಾಡಿ ತೊಳೆದು, ಮೂರು ಕಡೆ ಅಲೆದು ಲೋಡ್ ತುಂಬಿಸಿ, ತಾನೇ ಟಾರ್ಪಲ್ ಕಟ್ಟಿದ್ದ. ಅದಕ್ಕೆ ನನ್ನ ಪುಸ್ತಕದಲ್ಲಿ ಜಾಗವೇ ಇರಲಿಲ್ಲ. ತೀರ್ಥಹಳ್ಳಿಗೆ ಇನ್ನೂ ಎಂಟು ಕಿಲೋಮೀಟರ್ ಇರುವಾಗ ಗಾಡಿ ಚರಂಡಿ ದಾಟಿ ಒಂದು ತೋಟದ ಬೇಲಿ ಮುರಿದು ನಿಂತಿತು. ಹುಡುಗ ಉಳಿದ. ಕಾಲಿಗೆ ರಾಡ್ ಹಾಕಿದರು. ಮಾಲೀಕರು ಕೇಳಿದ ಮೊದಲ ಪ್ರಶ್ನೆ "ಕುಡಿದಿದ್ದನಾ?" ಎರಡನೆಯದು "ಎಷ್ಟು ಮೂಟೆ ಒದ್ದೆಯಾಯ್ತು?" ನಾನು ಮಾರನೇ ದಿನ ಸ್ಕೇಲ್ ಹಿಡಿದು ರಿಜಿಸ್ಟರಿಗೆ ಒಂದು ಕಾಲಂ ಹೆಚ್ಚಿಗೆ ಎಳೆದೆ: ಎದ್ದ ಸಮಯ. ಜೊತೆಯವರು ನಕ್ಕರು. ಆದರೆ ಆ ಕಾಲಂ ತುಂಬಿಸುವಾಗ ಕೈ ತಡೆಯುತ್ತಿತ್ತು. ಬೆಳಿಗ್ಗೆ 4 ಎಂದು ಬರೆದ ಪೆನ್ನಿನಲ್ಲೇ ಅದೇ ಸಾಲಿನಲ್ಲಿ ರಾತ್ರಿ 12ಕ್ಕೆ ಹೊರಟ ಎಂದು ಬರೆಯುವುದು ಅಷ್ಟು ಸಲೀಸಲ್ಲ.

ಇಲ್ಲಿಂದ ಮುಂದಿನದು ನಿಮ್ಮ ಯಜಮಾನರಿಗೆ. ಸಮಯ ನೋಡಿ ಫೋನ್ ಅವರ ಕೈಗೆ ಕೊಡಿ.

ನೋಡಪ್ಪಾ, ಆಫೀಸಿನವನು "ಆರಕ್ಕೆ ಮಂಗಳೂರು" ಅಂದನಲ್ಲ, ಆ ಆರು ಎಲ್ಲಿಂದ ಬಂತು ಗೊತ್ತಾ? ನಾವು ಪಾರ್ಟಿಗೆ ಹೇಳುವ ಗಂಟೆ ಒಂದು, ಚಾಲಕನಿಗೆ ಹೇಳುವ ಗಂಟೆ ಇನ್ನೊಂದು. ಗೋಡೌನಿನವರು "ಬೆಳಿಗ್ಗೆ ಕಳಿಸಿ" ಅಂದಿರುತ್ತಾರೆ. ಅವರ ಬೆಳಿಗ್ಗೆ ಅಂದರೆ ಬೀಗದ ಕೈ ಇರುವವನು ಬಂದು, ಹಮಾಲಿಗಳು ತಿಂಡಿ ಮುಗಿಸಿ ಸೇರುವ ಹೊತ್ತು, ಒಂಬತ್ತೂವರೆಯೋ ಹತ್ತೋ. ನಡುವೆ ಪಂಕ್ಚರ್ ಆದೀತು, ಘಾಟಿಯಲ್ಲಿ ಮರ ಬಿದ್ದೀತು ಎಂದು ನಾವು ಮೂರ್ನಾಲ್ಕು ಗಂಟೆ ಮುಂಚಿತವಾಗಿ ಹೇಳುತ್ತೇವೆ. ಆ ಮೂರ್ನಾಲ್ಕು ಗಂಟೆ ನಿನ್ನ ನಿದ್ದೆಯದು. ನೀನು ಅದನ್ನು ಕಳಕೊಂಡು ಆರಕ್ಕೆ ಹೋಗಿ ಮುಚ್ಚಿದ ಗೇಟಿನ ಮುಂದೆ ಹಾರ್ನ್ ಹೊಡೆಯುತ್ತೀಯ.

ಹಾಗಾಗಿ ಲೋಡ್ ಒಪ್ಪಿಕೊಳ್ಳುವಾಗಲೇ ಎರಡು ಪ್ರಶ್ನೆ ಕೇಳು. ಗೋಡೌನ್ ಬಾಗಿಲು ತೆಗೆಯುವುದು ಎಷ್ಟಕ್ಕೆ? ಅಲ್ಲಿ ಇಳಿಸಿಕೊಳ್ಳುವವರ ನಂಬರ್ ಏನು? ಎರಡನೆಯದು ಸಿಕ್ಕಿದರೆ ಮೊದಲನೆಯದರ ನಿಜವಾದ ಉತ್ತರ ತಾನಾಗಿ ಸಿಗುತ್ತದೆ. ಚೌಕಾಸಿ ನಡೆಯುವುದು ಗಾಡಿ ಖಾಲಿ ಇರುವಾಗ. ಮೂಟೆ ತುಂಬಿ, ಅಡ್ವಾನ್ಸ್ ಜೇಬಿಗೆ ಹೋಗಿ, ರಾತ್ರಿ ಹನ್ನೊಂದಾದ ಮೇಲೆ ನೀನು ಏನೇ ಹೇಳಿದರೂ ಅದು ತಕರಾರಿನ ಹಾಗೆ ಕೇಳಿಸುತ್ತದೆ. ಮಧ್ಯಾಹ್ನವೇ ಹೇಳು: "ಎಂಟರೊಳಗೆ ತುಂಬಿಸಿ ಕೊಟ್ಟರೆ ರಾತ್ರಿ ತೀರ್ಥಹಳ್ಳಿ ತನಕ ಹೋಗಿ ಮಲಗಿ, ಬೆಳಿಗ್ಗೆ ಘಾಟಿ ಇಳಿಸುತ್ತೇನೆ. ಎಂಟು ದಾಟಿದರೆ ಇಲ್ಲೇ ಮಲಗಿ ಬೆಳಿಗ್ಗೆ ಐದಕ್ಕೆ ಬಿಡುತ್ತೇನೆ." ಈ ಮಾತಿಗೆ ಒಂದು ಗುಣ ಇದೆ. ತಡ ಮಾಡಿದವರು ಯಾರು ಎಂಬುದು ಅದರಲ್ಲೇ ಬರುತ್ತದೆ, ಜಗಳ ಮಾತ್ರ ಇರುವುದಿಲ್ಲ. ಎಷ್ಟೋ ಸಲ ಆಫೀಸಿನವನೇ ಮಿಲ್ಲಿಗೆ ಫೋನ್ ಮಾಡಿ ನಿನ್ನ ಗಾಡಿಯನ್ನು ಮುಂದಕ್ಕೆ ಹಾಕಿಸುತ್ತಾನೆ. ನಾನು ಮಾಡಿದ್ದೇನೆ.

"ಸಾರ್, ತುಂಬಾ ಸುಸ್ತಾಗಿದೆ" ಎಂದು ಮಾತ್ರ ಹೇಳಬೇಡ. ಸುಸ್ತು ಎಂಬ ಮಾತಿಗೆ ನಮ್ಮ ಹತ್ತಿರ ಸಿದ್ಧ ಉತ್ತರ ಇತ್ತು: "ಒಂದು ಟೀ ಕುಡಿ, ಸರಿಯಾಗುತ್ತೆ." ಗಂಟೆ ಹೇಳಿದವನಿಗೆ ಹಾಗೆ ಹೇಳಲು ಬರುವುದಿಲ್ಲ. ಅದನ್ನೂ ಬಾಯಿಮಾತಲ್ಲಿ ಬೇಡ, ವಾಟ್ಸ್‌ಆಪ್‌ನಲ್ಲಿ ಹಾಕು. ಉದಾಹರಣೆಗೆ ಹೀಗೆ:

"ಈಗ 11.10. ಲೋಡ್ ಮುಗೀತು, ಟಾರ್ಪಲ್ ಕಟ್ಟಿದೆ. ನಾನು ಬೆಳಿಗ್ಗೆ 5ಕ್ಕೆ ಎದ್ದವನು. 11.30ರಿಂದ 4.45ರ ತನಕ ಮಿಲ್ ಅಂಗಳದಲ್ಲೇ ಮಲಗುತ್ತೇನೆ. 5ಕ್ಕೆ ಬಿಡುತ್ತೇನೆ. ಮಂಗಳೂರು ಮಧ್ಯಾಹ್ನ 12.30. ಪಾರ್ಟಿಗೆ ಹೇಳಿಬಿಡಿ."

ಇದರಲ್ಲಿ ಬೇಡಿಕೆ ಇಲ್ಲ, ಅಳು ಇಲ್ಲ. ಪಾರ್ಟಿಗೆ ಹೇಳಲು ಅವನಿಗೊಂದು ಗಂಟೆ ಸಿಕ್ಕಿತು, ಅವನಿಗೆ ಬೇಕಾದದ್ದು ಅದೇ. ಅವನ ಕಂಪ್ಯೂಟರಿನಲ್ಲಿ ನಿನ್ನ ಗಾಡಿ ಒಂದು ಚುಕ್ಕಿ. ಚುಕ್ಕಿ ಕಾಡಿನ ನಡುವೆ ನಿಂತರೆ ಅವನ ತಲೆಯಲ್ಲಿ ಆಕ್ಸಿಡೆಂಟ್, ಡೀಸೆಲ್ ಕಳವು, ಆರ್‌ಟಿಓ ಎಲ್ಲ ಒಟ್ಟಿಗೆ ಓಡುತ್ತವೆ. ಆ ಕಡೆಯಿಂದ ಪಾರ್ಟಿ "ಗಾಡಿ ಎಲ್ಲಿ ಬಂತು" ಎಂದು ಕೊರೆಯುತ್ತಿರುತ್ತಾನೆ. ಹೇಳದೆ ನಿಂತ ಗಾಡಿಗೇ ನಾವು ಫೋನ್ ಮಾಡುತ್ತಿದ್ದದ್ದು. ತೀರ್ಥಹಳ್ಳಿ, ಮಾಸ್ತಿಕಟ್ಟೆ, ಘಾಟಿ ಕೆಳಗಿನ ಸಿದ್ದಾಪುರ, ಕುಂದಾಪುರ, ಈ ನಾಲ್ಕು ಕಡೆ ಗಾಡಿ ನಿಲ್ಲಿಸಿ ನಾನೇ ಮೆಸೇಜ್ ಹಾಕುತ್ತೇನೆ, ನಡುವೆ ಎತ್ತುವುದಿಲ್ಲ ಎಂದು ಮೊದಲೇ ತಿಳಿಸು. ಒಂದೆರಡು ಟ್ರಿಪ್ ಗೊಣಗುತ್ತಾನೆ, ಆಮೇಲೆ ಒಗ್ಗಿಕೊಳ್ಳುತ್ತಾನೆ. ಓಡಿಸುತ್ತಾ ಫೋನ್ ಹಿಡಿಯುವುದು ಹೇಗೂ ದಂಡದ ಬಾಬತ್ತು.

ಐದಕ್ಕೆ ಬಿಟ್ಟರೆ ಘಾಟಿ ಎಷ್ಟಕ್ಕೆ ಸಿಗುತ್ತದೆ ನೋಡು. ಎಂಟು, ಎಂಟೂವರೆ. ಬೆಳಕು ಹರಿದಿರುತ್ತದೆ, ಚಂಡಿಕಾಂಬೆಯ ಗುಡಿಯ ಮುಂದೆ ನಿಂತು ಕೈಮುಗಿಯುವವರಿರುತ್ತಾರೆ, ಎದುರು ಬರುವ ಬಸ್ಸು ತಿರುವಿಗೆ ಮುಂಚೆಯೇ ಕಾಣುತ್ತದೆ. ಐದು ಗಂಟೆ ನಿದ್ದೆ ಸಾಕೇ ಎಂದರೆ ಸಾಲದು. ದಿನಾ ಆರು ಗಂಟೆ ಮಲಗಿ ಎರಡು ವಾರ ಕಳೆದವರನ್ನು ಅಮೆರಿಕದಲ್ಲಿ 2003ರಲ್ಲಿ ಪರೀಕ್ಷಿಸಿದ್ದರು. ಅವರು ರಾತ್ರಿಯಿಡೀ ನಿದ್ದೆಗೆಟ್ಟವರಷ್ಟೇ ತಪ್ಪು ಮಾಡುತ್ತಿದ್ದರು, ಆದರೆ ತಾವು ಚೆನ್ನಾಗಿಯೇ ಇದ್ದೇವೆ ಅಂದುಕೊಂಡಿದ್ದರು. "ನನಗೆ ಅಭ್ಯಾಸ ಆಗಿದೆ" ಎನ್ನುವ ಹಿರಿಯ ಚಾಲಕರ ಮಾತನ್ನು ನಾನು ನಂಬುವುದನ್ನು ಬಿಟ್ಟದ್ದು ಅದಕ್ಕೇ. ಉಳಿದ ಎರಡು ಮೂರು ಗಂಟೆಯನ್ನು ಅಂಗಳದಲ್ಲೇ ಗಳಿಸಬೇಕು, ಅದಕ್ಕೆ ಆಮೇಲೆ ಬರುತ್ತೇನೆ.

ಆಫೀಸಿನವರು ಎಸೆಯುವ ಇನ್ನೊಂದು ಬಾಣ ಇ-ವೇ ಬಿಲ್ಲು, ಅಂದರೆ ಸರಕಿನ ಜೊತೆ ಇರಬೇಕಾದ ಜಿಎಸ್‌ಟಿಯ ಸಾಗಣೆ ಚೀಟಿ. "ಬಿಲ್ ಎಕ್ಸ್‌ಪೈರಿ ಆಗುತ್ತೆ, ಹೊರಡು ಹೊರಡು." ಅರ್ಧಕ್ಕರ್ಧ ಸಲ ಇದು ಬರೀ ಹೆದರಿಕೆ. 2021ರ ಜನವರಿಯಿಂದ 200 ಕಿಲೋಮೀಟರಿಗೆ ಒಂದು ದಿನ, ಅದರ ಮೇಲೆ ಸ್ವಲ್ಪ ಹೆಚ್ಚಾದರೂ ಇನ್ನೊಂದು ದಿನ. ಆ ಮೊದಲ ದಿನವಾದರೂ ಬಿಲ್ ಮಾಡಿದ ಮಾರನೇ ದಿನದ ಮಧ್ಯರಾತ್ರಿಗೆ ಮುಗಿಯುತ್ತದೆ. ಸೋಮವಾರ ಸಂಜೆ ಮಾಡಿದ ಬಿಲ್ ಏನಿಲ್ಲವೆಂದರೂ ಮಂಗಳವಾರ ರಾತ್ರಿ ಹನ್ನೆರಡರ ತನಕ ಜೀವಂತ. ಗಾಡಿ ಕೆಟ್ಟೋ ಘಾಟಿ ಬಂದ್ ಆಗಿಯೋ ತಡವಾದರೆ, ಅವಧಿ ಮುಗಿಯುವ ಎಂಟು ಗಂಟೆ ಮುಂಚಿನಿಂದ ಮುಗಿದ ಎಂಟು ಗಂಟೆ ನಂತರದವರೆಗೆ ಕಾರಣ ತೋರಿಸಿ ವಿಸ್ತರಿಸಬಹುದು. ಆಫೀಸಿನಲ್ಲಿ ಕೂತೇ ಮಾಡುವ ಕೆಲಸ. ಬಿಲ್ಲಿನ ಮೇಲೆ ಕೊನೆಯ ದಿನಾಂಕ ಅಚ್ಚಾಗಿರುತ್ತದೆ, ಓದಿಕೊಂಡು ಮಾತಾಡು.

ಕಾನೂನು ಏನು ಹೇಳುತ್ತದೆ ಎಂದು ತುಂಬಾ ಜನ ಕೇಳುತ್ತಾರೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು, ಐದು ಗಂಟೆ ಕೆಲಸದ ನಂತರ ಕನಿಷ್ಠ ಅರ್ಧ ಗಂಟೆ ಬಿಡುವು, ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ ಒಂಬತ್ತು ಗಂಟೆ ವಿಶ್ರಾಂತಿ ಎಂದಿತ್ತು. ಲೋಡ್ ಮಾಡಿಸುವುದೂ ಇಳಿಸುವುದೂ ಕೆಲಸದ ಲೆಕ್ಕಕ್ಕೇ ಸೇರುತ್ತಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಔದ್ಯೋಗಿಕ ಸುರಕ್ಷತೆಯ 2020ರ ಸಂಹಿತೆ ಬಂದಿದೆ. ದಿನಕ್ಕೆ ಎಂಟು ಗಂಟೆ, ಹೆಚ್ಚಿನ ಕೆಲಸಕ್ಕೆ ದುಪ್ಪಟ್ಟು ಕೂಲಿ ಎಂಬುದು ಅದರಲ್ಲೂ ಇದೆ. ಆದರೆ ಸಂಹಿತೆ ತಗಲುವುದು ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆ. ಎರಡು ಮೂರು ಲಾರಿ ಇಟ್ಟುಕೊಂಡ ಮಾಲೀಕರು ಹೊರಗೇ ಉಳಿಯುತ್ತಾರೆ, ನಮ್ಮ ಕಡೆ ಅಂಥವರೇ ಜಾಸ್ತಿ. ನ್ಯಾಷನಲ್ ಪರ್ಮಿಟ್ ಗಾಡಿಗೆ, ಅಂದರೆ ಬೇರೆ ರಾಜ್ಯಗಳಿಗೂ ಓಡುವ ಪರವಾನಗಿ ಇರುವ ಗಾಡಿಗೆ, ಇಬ್ಬರು ಚಾಲಕರು ಇರಲೇಬೇಕೆಂಬ ನಿಯಮವನ್ನೂ 2018ರಲ್ಲಿ ತೆಗೆದರು. ಅದನ್ನು ತೆಗೆದದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ಏನೇ ಆಗಲಿ, ರಾತ್ರಿ ಹನ್ನೊಂದಕ್ಕೆ ಮಿಲ್ಲಿನ ಅಂಗಳದಲ್ಲಿ ಕಾಯ್ದೆಯ ಮಾತೆತ್ತಿದರೆ ಕೆಲಸ ಕೆಡುತ್ತದೆ. ಅದು ಮಾಲೀಕರ ಹತ್ತಿರ, ಹಗಲು ಹೊತ್ತು, ಇನ್ನಿಬ್ಬರು ಚಾಲಕರ ಜೊತೆ ಹೋಗಿ ಆಡುವ ಮಾತು.

ಲೋಡ್ ಬೇರೆಯವನ ಪಾಲಾಗುತ್ತದೆ ಎಂಬ ಭಯ ಸುಳ್ಳಲ್ಲ. ಒಂದೆರಡು ಲೋಡ್ ಹೋಗಲೂಬಹುದು. ಆದರೆ ಬುಕಿಂಗ್ ಟೇಬಲ್ಲಿನ ಗುಟ್ಟು ಹೇಳುತ್ತೇನೆ: ನಾವು ಮನಸ್ಸಿನಲ್ಲಿ ಎರಡು ಪಟ್ಟಿ ಇಟ್ಟುಕೊಂಡಿರುತ್ತೇವೆ. ಯಾವುದಕ್ಕೂ ಹೂಂ ಎಂದು ಆಮೇಲೆ ಫೋನ್ ಎತ್ತದವರದು ಒಂದು, ಹೇಳಿದ ಗಂಟೆಗೆ ಮುಟ್ಟುವವರದು ಇನ್ನೊಂದು. ಬೆಲೆಬಾಳುವ ಲೋಡ್ ಹೋಗುವುದು ಎರಡನೇ ಪಟ್ಟಿಗೆ. ಹನ್ನೆರಡೂವರೆ ಎಂದು ಹೇಳಿ ಹನ್ನೆರಡೂಕಾಲಿಗೆ ಮುಟ್ಟಿದವನು ನಮಗೆ ಬಂಗಾರ. ಹೀಗೆ ಐದಾರು ಟ್ರಿಪ್ ಆದ ಮೇಲೂ ಒಬ್ಬ ಆಸಾಮಿ ರಾತ್ರಿ ಘಾಟಿ ಇಳಿ ಎಂದೇ ಕಾಡುತ್ತಾನೆ ಅಂದರೆ, ಅವನಿಗೆ ಟ್ರಿಪ್ ಲೆಕ್ಕದಲ್ಲಿ ಕಮಿಷನ್ ಇರಬೇಕು. ಆಗ ಬೇರೆ ಆಫೀಸು ನೋಡುವುದೇ ಸರಿ. ಘಾಟಿ ಬಲ್ಲ ಚಾಲಕರು ಶಿವಮೊಗ್ಗದಲ್ಲಿ ಬೀದಿಗೊಬ್ಬರು ಸಿಗುವುದಿಲ್ಲ, ಅದು ಅವರಿಗೂ ಗೊತ್ತು.

ಈಗ ಅಂಗಳ. ಇಡೀ ದಿನ ಕಾಯಿಸಿದರಲ್ಲ, ಅದರಲ್ಲಿ ಎರಡು ಗಂಟೆ ನಿದ್ದೆ ಯಾಕೆ ಆಗಲಿಲ್ಲ? ಮುಂದಿನ ಗಾಡಿ ಸರಿದಾಗ ನಾವೂ ಸರಿಯಬೇಕು, ಯಾರೋ ನಡುವೆ ನುಗ್ಗಿಯಾನು ಎಂಬ ಕಾವಲು. ಮುಂದೆ ಮೂರು ಗಾಡಿ ಇದ್ದರೆ ಎರಡು ಗಂಟೆ ನಿನ್ನದು. ಹಿಂದಿನ ಚಾಲಕನಿಗೂ ಮಿಲ್ಲಿನ ಮೇಸ್ತ್ರಿಗೂ ಹೇಳಿ, ಅಲಾರಂ ಇಟ್ಟು, ಬೂಟು ಬಿಚ್ಚಿ ಹಿಂದಿನ ಸೀಟಿನಲ್ಲಿ ಸರಿಯಾಗಿ ಮಲಗು. ಸ್ಟೇರಿಂಗ್ ಮೇಲೆ ತಲೆಯಿಟ್ಟು ತೂಕಡಿಸಿದ್ದು ಲೆಕ್ಕಕ್ಕಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕು ಮೈಗೆ ತಾನಾಗಿ ನಿದ್ದೆ ಬರುವ ಹೊತ್ತು, ಅದನ್ನು ಮೊಬೈಲಿಗೆ ಕೊಡಬೇಡ. ಎದ್ದ ಕೂಡಲೇ ಕೀಲಿ ತಿರುಗಿಸಲೂ ಬೇಡ. ಗಾಢ ನಿದ್ದೆಯಿಂದ ಎದ್ದವನ ತಲೆ ತಿಳಿಯಾಗಲು ಹದಿನೈದರಿಂದ ಮೂವತ್ತು ನಿಮಿಷ ಬೇಕು. ಮುಖ ತೊಳೆದು, ಟಯರ್ ತಟ್ಟಿ, ಹಗ್ಗ ನೋಡುವಷ್ಟರಲ್ಲಿ ಅದು ಆಗುತ್ತದೆ.

ನಮ್ಮ ದಾರಿಗೆ ಒಂದು ಅನುಕೂಲ ಇದೆ, ಬಳಸಿಕೊಳ್ಳುವವರು ಕಡಿಮೆ. ಮಲಗುವುದನ್ನು ಘಟ್ಟದ ಮೇಲೆಯೇ ಮುಗಿಸಿಕೊಳ್ಳಬೇಕು. ಇಲ್ಲಿ ಏಪ್ರಿಲ್‌ನಲ್ಲೂ ರಾತ್ರಿ ಮಲಗಬಹುದು. ಮಂಗಳೂರು ಬಂದರಿನ ಪಣಂಬೂರಿನ ಲಾರಿ ಸಾಲಿನಲ್ಲಿ ಹಗಲು ತಗಡಿನ ಕ್ಯಾಬಿನ್ ಒಳಗೆ ನಿದ್ದೆ ಎಂಬುದು ಬೆವರಿನ ಸ್ನಾನ. 2025ರ ಅಕ್ಟೋಬರ್ 1ರ ನಂತರ ತಯಾರಾದ ದೊಡ್ಡ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ ಮಾಡಿದ್ದಾರೆ, ನಿನ್ನದು ಹಳೇ ಗಾಡಿಯೇ ಇರಬೇಕು. ಎಸಿ ಇರುವವರಿಗೂ ಒಂದು ಎಚ್ಚರಿಕೆ: ಎಂಜಿನ್ ಓಡಿಸಿಕೊಂಡು ಗಾಜು ಮುಚ್ಚಿ ಮಲಗಬೇಡಿ. ಹೊಗೆಕೊಳವೆ ಸೋರಿದರೆ ಅದರ ವಿಷಾನಿಲಕ್ಕೆ ವಾಸನೆ ಇರುವುದಿಲ್ಲ. ವಾಪಸ್ ಬರುವಾಗ ಗೊಬ್ಬರ ತುಂಬಿ ಸಂಜೆ ಏಳಾಯಿತು ಅಂದರೆ ಮನೆ ಸೆಳೆತಕ್ಕೆ ರಾತ್ರಿಯೇ ಘಾಟಿ ಹತ್ತುವ ಆಸೆ ಬರುತ್ತದೆ. ಸೊಳ್ಳೆ ಪರದೆ, ಒಂದು ಬ್ಯಾಟರಿ ಫ್ಯಾನ್ ಇಟ್ಟುಕೊ. ಯಾವುದಾದರೂ ಪೆಟ್ರೋಲ್ ಬಂಕಿನಲ್ಲಿ ಡೀಸೆಲ್ ಹಾಕಿಸಿ, ಕೇಳಿ ಒಳಗೇ ನಿಲ್ಲಿಸಿ ಹತ್ತಕ್ಕೆ ಮಲಗಿದರೆ ಮೂರೂವರೆಗೆ ಏಳಬಹುದು. ರಸ್ತೆ ಬದಿಯ ಮಣ್ಣಿನಲ್ಲಿ ನಿಲ್ಲಿಸಿ ಮಲಗಬೇಡ. ಹಿಂದಿನಿಂದ ಬರುವವನೂ ನಿನ್ನ ಹಾಗೇ ನಿದ್ದೆಗೆಟ್ಟವನಾಗಿರಬಹುದು. ಬೇಸಿಗೆಯಲ್ಲಿ ಕಾಡಂಚಿನ ಮರದಡಿ ಎಲೆ ಮೇಲೆ ಟವೆಲ್ ಹಾಸುವುದೂ ಬೇಡ. ಉಣುಗಿನಿಂದ ಮಂಗನ ಕಾಯಿಲೆ ಬರುತ್ತದೆಂದು 1957ರಲ್ಲಿ ಜಗತ್ತಿಗೆ ಗೊತ್ತಾದದ್ದೇ ನಮ್ಮ ಸೊರಬದ ಕ್ಯಾಸನೂರು ಕಾಡಿನಿಂದ.

ಟೀ, ಅಡಿಕೆ, ಗುಟ್ಕಾ, ಬೀಡಿ, ಕಿಟಕಿ ಗಾಳಿ, ಜೋರು ಹಾಡು. ಇವೆಲ್ಲ ನಿದ್ದೆಯ ಹತ್ತಿರ ಮಾಡಿದ ಸಾಲ. ಟೀ ಮಾತ್ರ ಒಂದು ರೀತಿಯಲ್ಲಿ ನಿಜಕ್ಕೂ ಉಪಯೋಗ: ಒಂದು ಲೋಟ ಕುಡಿದು ತಕ್ಷಣ ಇಪ್ಪತ್ತು ನಿಮಿಷ ಮಲಗು. ಅದರ ಪರಿಣಾಮ ಶುರುವಾಗುವ ಹೊತ್ತಿಗೆ ಎದ್ದಿರುತ್ತೀಯ. ನೆಗಡಿ ಮಾತ್ರೆಗಳಲ್ಲಿ ಹಲವು ನಿದ್ದೆ ತರಿಸುತ್ತವೆ. ಮೆಡಿಕಲ್‌ನಲ್ಲಿ "ನಾನು ಲಾರಿ ಓಡಿಸುವವನು" ಎಂದು ಹೇಳಿಯೇ ತಗೋ. ಎಚ್ಚರವಿರಲು ಯಾರೋ ಕೊಡುವ ಮಾತ್ರೆಯ ವಿಷಯ ನನ್ನ ಹತ್ತಿರ ಎತ್ತಲೇಬೇಡ.

ಇನ್ನು ನಿಮಗೆ, ತಂಗಿ. ಅವರು ಮನೆಗೆ ಬಂದ ದಿನ ಕಡೇ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿ. ಅಡಿಕೆ ಸುಲಿಯುವ ಕೆಲಸ, ಗೃಹಪ್ರವೇಶ, ಸೊಸೈಟಿ ಸಭೆ ಎಲ್ಲ ಅವರಿಗಾಗಿಯೇ ಕಾದು ಕೂತಿರುತ್ತವೆ, ನಿಮ್ಮ ಮನೆಯಲ್ಲೂ ಹಾಗೇ ಇರಬೇಕು. ಆ ದಿನ ಮೊದಲ ಎಂಟು ಗಂಟೆ ಯಾರಿಗೂ ಕೊಡಬೇಡಿ. ಅವರು "ಮಲಗುತ್ತೇನೆ" ಎಂದು ಮೆಸೇಜ್ ಹಾಕಿದ ಮೇಲೆ "ಊಟ ಆಯ್ತಾ" ಎಂದು ಫೋನ್ ಮಾಡುವುದನ್ನೂ ಬಿಡಿ. ನನ್ನ ಹೆಂಡತಿಯೂ ಹೀಗೆ ಮಾಡುತ್ತಿದ್ದಳು, ಅದು ಪ್ರೀತಿಯೇ, ಆದರೆ ನಿದ್ದೆ ಹೋಗುತ್ತದೆ.

ನೀವು ಮಾತ್ರ ಗಮನಿಸಬಲ್ಲದ್ದು ಒಂದಿದೆ. ಅವರು ಜೋರಾಗಿ ಗೊರಕೆ ಹೊಡೆಯುತ್ತಾರಾ? ನಡುವೆ ಉಸಿರು ಕಟ್ಟಿ, ಒಂದು ಕ್ಷಣ ಸದ್ದೇ ಇಲ್ಲದೆ, ಆಮೇಲೆ ಬೆಚ್ಚಿದ ಹಾಗೆ ಉಸಿರೆಳೆಯುತ್ತಾರಾ? ಅಂಗಿಯ ಕಾಲರ್ ಹದಿನೇಳು ಇಂಚು ಮುಟ್ಟಿದೆಯಾ? ಹಾಗಿದ್ದರೆ ಒಂಬತ್ತು ಗಂಟೆ ಮಲಗಿದರೂ ಅವರಿಗೆ ನಿದ್ದೆ ಆಗಿರುವುದಿಲ್ಲ. ಗೊರಕೆಯನ್ನು ಫೋನಿನಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡಿಕೊಂಡು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಕರೆದುಕೊಂಡು ಹೋಗಿ. ಅದಕ್ಕೆ ಚಿಕಿತ್ಸೆ ಇದೆ.

ಸಿಟ್ಟಿನ ವಿಷಯ. ಟ್ರಿಪ್ ಮುಗಿಸಿ ಒಳಗೆ ಕಾಲಿಟ್ಟಾಗ ಇದನ್ನು ತೋರಿಸಬೇಡಿ, ಆಗ ಯಾರು ಏನು ಹೇಳಿದರೂ ರೇಗುತ್ತಾರೆ. ಮಲಗಿ ಎದ್ದು, ಸ್ನಾನ ಮಾಡಿ, ಕಡುಬೋ ಅಕ್ಕಿರೊಟ್ಟಿಯೋ ತಿಂದು ಜಗುಲಿಯಲ್ಲಿ ಕೂತಾಗ ಕೊಡಿ. ಆಫೀಸಿನ ಕುರ್ಚಿಯಲ್ಲಿ ಕೂತಿದ್ದ ಒಬ್ಬ ಬರೆದದ್ದು ಎಂದು ಮಾತ್ರ ಹೇಳಿ. ಅವರಿಗೆ ನನ್ನ ಮೇಲೆ ಸಿಟ್ಟು ಬಂದರೆ ಬರಲಿ.